ಕೈ ಬೀಸಿ ನಡೆದರೂ ತೆರಿಗೆ!

ಮಕ್ಕಳೇ, ಮಲೆನಾಡಿನ ನಗರ ಸೀಮೆಯಲ್ಲಿ ಹಿಂದೆ ಒಂದು ವಿಚಿತ್ರ ಜಾಗವಿತ್ತು. ಅದನ್ನು ದಾಟುವಾಗ ಎರಡೂ ಕೈ ಮೈಗೆ ಅಂಟಿಸಿಕೊಂಡು ನಡೆಯಬೇಕು. ಬೀಸಿದಿರೋ, ತೆರಿಗೆ ಕಟ್ಟಿ! ಇನ್ನೊಂದು ಊರಿನವರು ತೆರಿಗೆ ಕಟ್ಟುತ್ತಿದ್ದ ಕಾರಣ ಕೇಳಿ: ಯಾವುದೋ ಕಾಲದಲ್ಲಿ ಪಾಳೇಗಾರನ ಕುದುರೆ ತಪ್ಪಿಸಿಕೊಂಡಿತ್ತಂತೆ, ಇವರ ಮುತ್ತಜ್ಜಂದಿರು ಅದನ್ನು ಹುಡುಕಿಕೊಡಲಿಲ್ಲವಂತೆ. ಕುದುರೆ ಹೋಯಿತು, ಪಾಳೇಗಾರನೂ ಹೋದ, ತೆರಿಗೆ ಮಾತ್ರ ಬದುಕಿತ್ತು. ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ, ಮದುವೆಯಾದರೆ ಇನ್ನೊಂದು. ಅಜ್ಜಿ ಕತೆಯಲ್ಲ ಇದು. ಸರ್ಕಾರದ ಲೆಕ್ಕದಲ್ಲೇ ಇದ್ದವೆಂದು ಲೂಯಿ ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾರೆ.

ಇಂಥ 769 ಬಾಬುಗಳನ್ನು ಅಳಿಸಿಹಾಕಿದ್ದು ಮಾರ್ಕ್ ಕಬ್ಬನ್ ಅವರ ಆಡಳಿತ. ರಜೆಗೆ ಬಂದಾಗ ನೀವು ಕಡಲೆಕಾಯಿ ತಿನ್ನುತ್ತ ಓಡಾಡುತ್ತೀರಲ್ಲ, ಆ ಕಬ್ಬನ್ ಪಾರ್ಕಿನ ಕಬ್ಬನ್. ಪಾರ್ಕು ಅವರು ಮಾಡಿಸಿದ್ದಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷದ ಮೇಲೆ, 1870ರಲ್ಲಿ, ಸ್ಯಾಂಕಿ ಎಂಬ ಎಂಜಿನಿಯರ್ ಮಾಡಿದ್ದು.

ಕಬ್ಬನ್ ಹುಟ್ಟಿದ್ದು 1775ರಲ್ಲಿ, ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಪುಟ್ಟ ಮ್ಯಾನ್ ದ್ವೀಪದಲ್ಲಿ. 1800ರಲ್ಲಿ ಮದರಾಸು ಸೈನ್ಯಕ್ಕೆ ಸೇರಲು ಹಡಗಿನಲ್ಲಿ ಬಂದರು. ಕತ್ತಿ ಹಿಡಿಯಲು ಬಂದವರು ಹುಣಸೂರಿನಲ್ಲಿ ಸೈನ್ಯದ ಸರಬರಾಜು ನೋಡಿಕೊಂಡರು. 1830ರ ಹೊತ್ತಿಗೆ ನಗರದ ರೈತರು ಕಂದಾಯದ ಕಾಟ ತಾಳಲಾರದೆ ದಂಗೆ ಎದ್ದರು. ಇದೇ ನೆಪವೆಂದು ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಸಿದುಕೊಂಡರು. ದಂಗೆಯ ವಿಚಾರಣೆಗೆ ಕೂತ ನಾಲ್ವರಲ್ಲಿ ಕಬ್ಬನ್ ಒಬ್ಬರು. 1834ರಲ್ಲಿ ಅವರೇ ಮೈಸೂರಿನ ಕಮಿಷನರ್ ಆದರು. ಕಚೇರಿ ಬೆಂಗಳೂರಿನಲ್ಲಿ, ಟಿಪ್ಪುವಿನ ಅರಮನೆಯಲ್ಲಿ!

ಮುಂದಿನ 27 ವರ್ಷ ಅವರದೇ ಮಾತು. ಶಾಲೆಯಲ್ಲಿ ನೀವು ಕಾನೂನು ಮಾಡುವವರು ಬೇರೆ, ನಡೆಸುವವರು ಬೇರೆ, ತೀರ್ಪು ಕೊಡುವವರು ಬೇರೆ ಎಂದು ಓದುತ್ತೀರಿ. ಇಲ್ಲಿ ಮೂರೂ ಒಂದೇ ಟೊಪ್ಪಿಯ ಕೆಳಗೆ. ಮುನ್ಸಿಫರ ಕಟ್ಟೆಯಿಂದ ಹೊರಟ ವ್ಯಾಜ್ಯ ಈ ನಾಡಿನ ನ್ಯಾಯಾಧೀಶರೇ ಕೂತ ಹುಜೂರ್ ಅದಾಲತ್ತಿಗೆ ಏರುತ್ತಿತ್ತು. ಅಲ್ಲೂ ಬಗೆಹರಿಯದಿದ್ದರೆ ಕೊನೆಗೆ ಕಮಿಷನರ ಮೇಜಿಗೆ. ಒಳ್ಳೆಯ ಮನುಷ್ಯ ಕೂತಿದ್ದರೆ ಸರಿ. ಇಲ್ಲದಿದ್ದರೆ ಯಾರನ್ನು ಕೇಳುವುದು?

ಅವರನ್ನು ಬರೀ ಹೊಗಳಲು ನನಗೆ ಮನಸ್ಸಿಲ್ಲ. ಮೈಸೂರು ಆ ವರ್ಷಗಳಲ್ಲೆಲ್ಲ ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕಟ್ಟುತ್ತಿತ್ತು. ಅದು ಯಾರದೋ ಗಂಟಲ್ಲ, ರಾಗಿ ಬೆಳೆದವರ ದುಡ್ಡು. ಆದರೆ 1860ರಲ್ಲಿ ಲಂಡನ್ನಿನವರು ಮೈಸೂರನ್ನು ಮದರಾಸಿನ ಸುಪರ್ದಿಗೆ ಒಪ್ಪಿಸಹೊರಟಾಗ ಈ ಮುದುಕ ರಾಜೀನಾಮೆ ಕೊಡಲು ನಿಂತರು. ಅರಸರೂ ಪ್ರತಿಭಟಿಸಿದರು. ಆಲೋಚನೆ ಅಲ್ಲಿಗೇ ಬಿತ್ತು.

ಹೊಸಕೋಟೆ ತಾಲ್ಲೂಕಿನ ನಮ್ಮ ಅನುಗೊಂಡನಹಳ್ಳಿಗೂ ಕಬ್ಬನ್ನರಿಗೂ ಏನು ನಂಟು? ಊರ ಹತ್ತಿರದ ದೇವನಗೊಂದಿ ಸ್ಟೇಷನ್ನಿಗೆ ಬನ್ನಿ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದ ಮೊದಲ ರೈಲುಹಾದಿ ಇದೇ. ಅವರ ಕಾಲದಲ್ಲಿ ಕೆಲಸ ಶುರುವಾಯಿತು, 1864ರಲ್ಲಿ ರೈಲು ಓಡಿತು. ಅವರ ಆಡಳಿತ 1,597 ಮೈಲಿ ರಸ್ತೆ, 309 ಸೇತುವೆ ಕಟ್ಟಿಸಿತ್ತು, ರೈಲು ಮಾತ್ರ ಅವರು ನೋಡಲಿಲ್ಲ. 1861ರಲ್ಲಿ ಕಾಯಿಲೆ ಬಿದ್ದು ಊರಿಗೆ ಹೊರಟವರು ದಾರಿಯಲ್ಲಿ, ಸೂಯೆಜ್‌ನಲ್ಲಿ, ತೀರಿಕೊಂಡರು. ದೇಹ ಮಾತ್ರ ದ್ವೀಪ ತಲುಪಿತು.

ಬೇಸಿಗೆ ರಜೆಗೆ ಬಂದಾಗ ದೇವನಗೊಂದಿಯಲ್ಲಿ ರೈಲು ಹತ್ತಿ ದಂಡಿನಲ್ಲಿ ಇಳಿಯೋಣ. ಹೈಕೋರ್ಟಿನ ಮುಂದಿದ್ದ ಅವರ ಪ್ರತಿಮೆ 2020ರಿಂದ ಪಾರ್ಕಿನೊಳಗೆ, ಬ್ಯಾಂಡ್ ಸ್ಟ್ಯಾಂಡ್ ಹತ್ತಿರ ಇದೆ. ಅದರ ಮುಂದೆ ಹಾದುಹೋಗುವಾಗ ಎರಡೂ ಕೈ ಚೆನ್ನಾಗಿ ಬೀಸಿಕೊಂಡು ನಡೆಯಿರಿ.