ಕಲಿಸಬಂದು ಕಲಿತವರು

ಧರ್ಮಪ್ರಚಾರಕ್ಕೆಂದು ಹಡಗೇರಿದ ಐರೋಪ್ಯ ಪಾದ್ರಿಗಳು 1797ರಲ್ಲಿ ಶಾಂತಸಾಗರದ ತಾಹಿತಿ ದ್ವೀಪವನ್ನು ಮುಟ್ಟಿದರು. ಅಲ್ಲಿಯ ನುಡಿಗೆ ಲಿಪಿಯಿರಲಿಲ್ಲ. ಅವರು ಅದಕ್ಕೆ ಅಕ್ಷರಗಳನ್ನು ಹೊಂದಿಸಿ, 1851ರಲ್ಲಿ ನಿಘಂಟನ್ನೂ ಅಚ್ಚು ಹಾಕಿಸಿದರು. ಕನ್ನಡ ನಾಡಿಗೆ ಬಂದವರ ಪಾಡು ಬೇರೆ. ಸಾವಿರ ವರ್ಷಗಳಿಗೂ ಮಿಕ್ಕ ಬರೆಹವುಳ್ಳ, ವ್ಯಾಕರಣ ಛಂದಸ್ಸುಗಳಿಂದ ಸಂಪನ್ನವಾದ ಭಾಷೆಯೊಂದು ಇಲ್ಲಿ ಅವರಿಗೆ ಎದುರಾಯಿತು. ಕಲಿಸಬಂದವರೇ ಮೊದಲು ಕಲಿಯಬೇಕಾಯಿತು. ಹಾಗೆ ಕಲಿತವರಲ್ಲಿ ಅಗ್ರಗಣ್ಯರು ಫರ್ಡಿನೆಂಡ್ ಕಿಟ್ಟೆಲ್.

ಜರ್ಮನಿಯ ಉತ್ತರ ಸಮುದ್ರದ ಸೀಮೆಯಲ್ಲಿ, 1832ರಲ್ಲಿ, ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಕಿಟ್ಟೆಲ್ಲರು 1853ರಲ್ಲಿ ಬಾಸೆಲ್ ಮಿಷನ್ನಿನ ಕಡೆಯಿಂದ ಕನ್ನಡ ಕರಾವಳಿಗೆ ಬಂದಿಳಿದರು. ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿದ್ದು ಪಂಡಿತರಿಂದ ಹಳಗನ್ನಡವನ್ನೂ ಜನರಿಂದ ಆಡುನುಡಿಯನ್ನೂ ಕಲಿತರು. ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳಿದ ಅವರ ‘ಕಥಾಮಾಲೆ’ 1862ರಲ್ಲಿ ಹೊರಬಂದಿತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಪ್ರಕಟಿಸಿದರು. ದೀರ್ಘಕಾಲದ ದುಡಿಮೆಯಿಂದ ಆರೋಗ್ಯ ಕುಂದಿ 1892ರಲ್ಲಿ ತಾಯ್ನಾಡಿಗೆ ಮರಳಿದರು. 1894ರಲ್ಲಿ ಮಂಗಳೂರಿನಲ್ಲಿ, ಸುಮಾರು 70,000 ಶಬ್ದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರೇಟ್ ಗೌರವವನ್ನಿತ್ತಿತು. ಕನ್ನಡ ವ್ಯಾಕರಣವು 1903ರಲ್ಲಿ ಅಚ್ಚಾಯಿತು. ಆ ವರ್ಷದ ಡಿಸೆಂಬರಿನಲ್ಲಿಯೇ ಅವರು ತೀರಿಕೊಂಡರು.

ಈ ನಿಘಂಟನ್ನು ನಾನು ಮೆಚ್ಚುವುದು ಅದರ ಗಾತ್ರಕ್ಕಾಗಿ ಮಾತ್ರವಲ್ಲ. ಕವಿಗಳ ಶಬ್ದಗಳ ಪಕ್ಕದಲ್ಲಿಯೇ ಗಾದೆಗಳಿಗೂ ಮನೆಮಾತಿಗೂ ಕಿಟ್ಟೆಲ್ಲರು ಸ್ಥಾನವಿತ್ತರು. ಮೈಸೂರಿನ ಮಾತಿಗೊಂದು ಗುರುತು, ದಕ್ಷಿಣ ಮರಾಠಾ ಸೀಮೆಯ ಮಾತಿಗೊಂದು ಗುರುತು ಹಾಕಿದರು. ಆಂಗ್ಲರು ಆ ಹೆಸರಿನಿಂದ ಕರೆಯುತ್ತಿದ್ದುದು ನಮ್ಮ ಈ ನೆಲವನ್ನೇ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳೆಲ್ಲ ಅದರಲ್ಲಿ ಸೇರಿದ್ದವು. ಸೀಮೆಯ ಹೆಸರು ಮರಾಠರದು. ಆ ಗುರುತಿನ ಹಿಂದಿದ್ದ ಶಬ್ದಗಳು ಮಾತ್ರ ಕನ್ನಡಿಗರ ನಾಲಗೆಯವು.

ಈ ತಾಲೂಕುಗಳಿಂದ ಕಾಲೇಜಿಗೆ ಬರುವ ಹುಡುಗರು ತಮ್ಮೂರಿನ ಮಾತನ್ನು ಅಶುದ್ಧವೆಂದು ಬಗೆದು ಉತ್ತರಪತ್ರಿಕೆಯಲ್ಲಿ ಬರೆಯಲು ಅಂಜುವುದನ್ನು ಕಂಡಿದ್ದೇನೆ. ಕಡಲಾಚೆಯವರೊಬ್ಬರು ಕಿವಿಗೊಟ್ಟು ಕೇಳಿ ಕೂಡಿಟ್ಟ ಮಾತನ್ನು ಮನೆಯವರೇ ಮರೆಮಾಚುವುದೆ? ಅವರಿಗೆ ನಾನು ಹೇಳುವುದಿಷ್ಟು: ನಿಮ್ಮ ಅಜ್ಜಿಯಾಡುವ ಶಬ್ದವೊಂದನ್ನು ಈ ನಿಘಂಟಿನಲ್ಲಿ ಹುಡುಕಿರಿ. ಸಿಕ್ಕರೆ ಅದರ ಮುಂದಿನ ಗುರುತನ್ನು ನೋಡಿರಿ. ಸಿಗದಿದ್ದರೆ, ಆಕೆಯಿರುವಾಗಲೇ ಅರ್ಥ ಕೇಳಿ ಬರೆದಿಟ್ಟುಕೊಳ್ಳಿರಿ.