ಮೃದು ಸ್ಪ್ರಿಂಗಿನಲ್ಲಿ ವೇಗ ಕಂಡ ಕಾಲಿನ್ ಚಾಪ್‌ಮನ್

ರೇಸ್ ಕಾರಿನ ಸ್ಪ್ರಿಂಗ್ ಗಡುಸಾದಷ್ಟೂ ವೇಗ ಹೆಚ್ಚು ಎಂಬ ನಂಬಿಕೆ ಇಂದಿಗೂ ವ್ಯಾಪಕವಾಗಿದೆ. ಅರ್ಧ ಶತಮಾನಕ್ಕೂ ಹಿಂದೆಯೇ ಈ ನಂಬಿಕೆಯನ್ನು ಪ್ರಶ್ನಿಸಿ, ಮೃದುವಾದ ಸ್ಪ್ರಿಂಗ್‌ಗಳ ಮೇಲೆಯೇ ವಿಶ್ವಪ್ರಶಸ್ತಿಗಳನ್ನು ಗೆದ್ದವರು ಬ್ರಿಟನ್ನಿನ ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್‌ಮನ್.

1928ರ ಮೇ 19ರಂದು ಲಂಡನ್ ಸಮೀಪದ ರಿಚ್ಮಂಡ್‌ನಲ್ಲಿ ಜನಿಸಿದ ಚಾಪ್‌ಮನ್, ಹೋಟೆಲ್ ಉದ್ಯಮಿಯ ಮಗ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದುತ್ತಲೇ ವಿಮಾನ ಚಾಲನೆಯನ್ನೂ ಕಲಿತರು. 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ತಮ್ಮ ಮೊದಲ ಸ್ಪರ್ಧಾ ಕಾರನ್ನು ಕಟ್ಟಿದರು. ಮುಂದೆ ಪತ್ನಿಯಾದ ಹೇಜಲ್ ವಿಲಿಯಮ್ಸ್ ನೀಡಿದ 25 ಪೌಂಡ್‌ಗಳ ಬಂಡವಾಳದಲ್ಲಿ 1952ರಲ್ಲಿ ಲೋಟಸ್ ಎಂಜಿನಿಯರಿಂಗ್ ಸಂಸ್ಥೆ ಆರಂಭವಾಯಿತು.

ಕಡಿಮೆ ತೂಕ, ಕಡಿಮೆ ಬಿಡಿಭಾಗ ಇವೇ ಅವರ ವಿನ್ಯಾಸದ ತಿರುಳಾಗಿದ್ದವು. ನಡುವೆ ಶಾಕ್ ಅಬ್ಸಾರ್ಬರ್, ಅದರ ಸುತ್ತ ಸುರುಳಿ ಸ್ಪ್ರಿಂಗ್, ಎರಡೂ ಸೇರಿ ಒಂದೇ ಘಟಕ. ಇಂದು ಕಾಯಿಲೋವರ್ ಎಂದು ಕರೆಯಲಾಗುವ ಈ ಜೋಡಣೆ ಅವರ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. 1957ರ ಲೋಟಸ್ ಟ್ವೆಲ್ವ್ ಕಾರಿನ ಹಿಂಭಾಗಕ್ಕೆ ಇಂತಹ ಘಟಕವನ್ನು ಅಳವಡಿಸಿದಾಗ, ಚಕ್ರವನ್ನು ತಿರುಗಿಸುವ ಡ್ರೈವ್‌ಶಾಫ್ಟ್‌ಗೇ ಅದನ್ನು ಹಿಡಿದಿಡುವ ಕೆಲಸವನ್ನೂ ವಹಿಸಿದರು. ಈ ರಚನೆ ಚಾಪ್‌ಮನ್ ಸ್ಟ್ರಟ್ ಎಂದೇ ಹೆಸರಾಯಿತು.

ಸ್ಪ್ರಿಂಗ್‌ನ ಬಿಗಿಯಷ್ಟೇ ಮುಖ್ಯವಾದುದು ಅದನ್ನು ಕೂರಿಸುವ ಜಾಗ. ತೋಳಿನ ನಡುವೆ ಕೂರಿಸಿದರೆ ಚಕ್ರ ಎರಡು ಅಂಗುಲ ಏರಿದಾಗ ಸ್ಪ್ರಿಂಗ್ ಒಂದೇ ಅಂಗುಲ ಕುಗ್ಗುತ್ತದೆ. ಅದರ ಬಲವೂ ಚಕ್ರಕ್ಕೆ ಅರ್ಧ ಮಾತ್ರ ತಲಪುತ್ತದೆ. ಹೀಗಾಗಿ ಚಕ್ರಕ್ಕೆ ದಕ್ಕುವ ಬಿಗಿ ಅರ್ಧವಲ್ಲ, ಕಾಲುಭಾಗ. 1962ರ ಲೋಟಸ್ 25ರಲ್ಲಿ ಚಾಪ್‌ಮನ್ ಮುಂಭಾಗದ ಸ್ಪ್ರಿಂಗ್‌ಗಳನ್ನು ಗಾಳಿಗೆ ಅಡ್ಡಬಾರದಂತೆ ಕಾರಿನ ಒಡಲೊಳಗೆ ಸೇರಿಸಿ, ಸನ್ನೆಗೋಲಿನಂತಹ ತೋಳಿನಿಂದ ಚಕ್ರಕ್ಕೆ ಜೋಡಿಸಿದರು. ಹಗುರ ಕಾರು, ಮೃದು ಸ್ಪ್ರಿಂಗ್, ಅದನ್ನು ಹದದಲ್ಲಿಡುವ ಶಾಕ್ ಅಬ್ಸಾರ್ಬರ್: ಉಬ್ಬುತಗ್ಗುಗಳಲ್ಲೂ ಟೈರು ನೆಲ ಬಿಡಲಿಲ್ಲ. ಇದೇ ಕಾರಿನಲ್ಲಿ ಜಿಮ್ ಕ್ಲಾರ್ಕ್ 1963ರಲ್ಲಿ ವಿಶ್ವ ಚಾಂಪಿಯನ್ ಆದರು.

ಆದರೆ ಹಗುರತನಕ್ಕೆ ಬೆಲೆಯೂ ಇತ್ತು. 1960ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಲೋಟಸ್ 18ರ ಹಿಂಚಕ್ರ ಕಳಚಿ ಸ್ಟರ್ಲಿಂಗ್ ಮಾಸ್ ಎರಡೂ ಕಾಲು ಮುರಿದುಕೊಂಡರು. ಗಾಳಿಯ ಒತ್ತಡ ಮೃದು ಸ್ಪ್ರಿಂಗ್‌ಗಳನ್ನು ಕುಗ್ಗಿಸದೆ ನೇರವಾಗಿ ಚಕ್ರಕ್ಕೆ ತಲಪಲೆಂದು ಎತ್ತರದ ರೆಕ್ಕೆಗಳನ್ನು ಸಸ್ಪೆನ್ಷನ್ ಮೇಲೆಯೇ ನಿಲ್ಲಿಸಿದರು. 1969ರಲ್ಲಿ ಬಾರ್ಸಿಲೋನಾದಲ್ಲಿ ಆ ರೆಕ್ಕೆಗಳು ಮುರಿದು ತಂಡದ ಎರಡೂ ಕಾರುಗಳು ನುಜ್ಜುಗುಜ್ಜಾದವು. ಅದರ ಬೆನ್ನಲ್ಲೇ ಅಂತಹ ರೆಕ್ಕೆಗಳಿಗೆ ನಿಷೇಧ ಬಿತ್ತು. ಅಂದು ಗಾಯಗೊಂಡ ಯೋಖೆನ್ ರಿಂಟ್ ಲೋಟಸ್ ಕಾರುಗಳ ದೃಢತೆಯ ಬಗ್ಗೆ ಬಹಿರಂಗವಾಗಿಯೇ ಆತಂಕ ವ್ಯಕ್ತಪಡಿಸಿದ್ದರು. 1970ರ ಸೆಪ್ಟೆಂಬರ್ 5ರಂದು ಮೊಂಜಾದಲ್ಲಿ ಲೋಟಸ್ 72 ಚಲಾಯಿಸುತ್ತಲೇ ಅವರು ಮೃತಪಟ್ಟರು. ಆ ವರ್ಷದ ವಿಶ್ವಪ್ರಶಸ್ತಿ ಅವರಿಗೆ ಮರಣೋತ್ತರವಾಗಿ ಸಂದಿತು.

1977ರಿಂದ ಚಾಪ್‌ಮನ್ ಕಾರಿನ ತಳವನ್ನೇ ತಲೆಕೆಳಗಾದ ರೆಕ್ಕೆಯಂತೆ ರೂಪಿಸಿ, ಗಾಳಿಯೇ ಕಾರನ್ನು ನೆಲಕ್ಕೆ ಸೆಳೆಯುವಂತೆ ಮಾಡಿದರು. 1978ರಲ್ಲಿ ಲೋಟಸ್ 79 ಮಾರಿಯೋ ಆಂಡ್ರೆಟ್ಟಿ ಅವರಿಗೆ ಪ್ರಶಸ್ತಿ ತಂದಿತು. ಆದರೆ ಈ ಸೆಳೆತ ಸ್ಥಿರವಾಗಿರಬೇಕಾದರೆ ಕಾರಿನ ಎತ್ತರ ಬದಲಾಗಬಾರದು, ಅದಕ್ಕೆ ಸ್ಪ್ರಿಂಗ್ ಗಡುಸಾಗಲೇಬೇಕು. ತಮ್ಮದೇ ಆವಿಷ್ಕಾರ ತಮ್ಮ ಮೂಲ ನಂಬಿಕೆಗೆ ಎದುರಾಗಿ ನಿಂತಾಗ ಅವರು ಕಂಡುಕೊಂಡ ದಾರಿ 1981ರ ಲೋಟಸ್ 88. ಅದಕ್ಕೆ ಎರಡು ಚಾಸಿಗಳು: ಹೊರಗಿನದು ಗಾಳಿಯ ಒತ್ತಡವನ್ನು ಗಡುಸು ಸ್ಪ್ರಿಂಗ್‌ಗಳ ಮೂಲಕ ಚಕ್ರಕ್ಕೆ ಒಪ್ಪಿಸಿದರೆ, ಚಾಲಕ ಕುಳಿತ ಒಳಗಿನದು ಮೃದು ಸ್ಪ್ರಿಂಗ್‌ಗಳ ಮೇಲಿತ್ತು. ಬಾರ್ಸಿಲೋನಾದಲ್ಲಿ ಮುರಿದ ಆಲೋಚನೆಯೇ ಹೊಸ ರೂಪದಲ್ಲಿ ಮರಳಿತ್ತು. ಎದುರಾಳಿ ತಂಡಗಳು ಪ್ರತಿಭಟಿಸಿದವು. ಆ ಕಾರಿಗೆ ಒಂದು ರೇಸನ್ನೂ ಪೂರೈಸುವ ಅವಕಾಶ ಸಿಗಲಿಲ್ಲ.

1982ರ ಡಿಸೆಂಬರ್ 16ರಂದು, 54ನೇ ವಯಸ್ಸಿನಲ್ಲಿ, ಚಾಪ್‌ಮನ್ ಹೃದಯಾಘಾತದಿಂದ ನಿಧನರಾದರು. ಬ್ರಿಟಿಷ್ ಸರ್ಕಾರದ ನೆರವು ಪಡೆದ ಡಿಲೋರಿಯನ್ ಕಾರು ಯೋಜನೆಯ ಹಣ ದುರ್ಬಳಕೆ ಪ್ರಕರಣ ಅವರ ಹೆಸರಿಗೆ ಕಳಂಕವಾಗಿ ಉಳಿಯಿತು. ಈ ಪ್ರಕರಣದಲ್ಲಿ 1992ರಲ್ಲಿ ಲೋಟಸ್‌ನ ಹಿರಿಯ ಅಧಿಕಾರಿಯೊಬ್ಬರಿಗೆ ಜೈಲು ಶಿಕ್ಷೆಯಾಯಿತು. ಕೊನೆಯ ದಿನಗಳಲ್ಲಿ ಅವರ ಸಂಸ್ಥೆ ಕೈಹಾಕಿದ್ದ, ಕಂಪ್ಯೂಟರ್ ನಿಯಂತ್ರಿಸುವ ಆ್ಯಕ್ಟಿವ್ ಸಸ್ಪೆನ್ಷನ್ 1987ರಲ್ಲಿ ಫಲ ಕೊಟ್ಟಿತು. ಆ ವರ್ಷ ಮೊನಾಕೊದಲ್ಲಿ ಅಯರ್ಟನ್ ಸೆನ್ನಾ ಗೆದ್ದದ್ದು ಅಂತಹ ಲೋಟಸ್ ಕಾರಿನಲ್ಲಿ.

ಇಂದು ಟ್ರ್ಯಾಕ್ ಕಾರಿಗೆ ಕಾಯಿಲೋವರ್ ಆರಿಸುವವರು ಮೊದಲು ಪ್ರತಿ ಚಕ್ರದ ಮೇಲಿನ ಭಾರ ಅಳೆಯುತ್ತಾರೆ, ಸ್ಪ್ರಿಂಗ್ ಕೂರುವ ಕೋನ ಮತ್ತು ದೂರವನ್ನು ಲೆಕ್ಕ ಹಾಕುತ್ತಾರೆ, ಸ್ಪ್ರಿಂಗ್‌ಗೆ ಒಪ್ಪುವ ಶಾಕ್ ಅಬ್ಸಾರ್ಬರ್ ಹುಡುಕುತ್ತಾರೆ. ಈ ಕ್ರಮದ ಹಿಂದೆ ಚಾಪ್‌ಮನ್ ಅವರಂತಹವರ ದುಡಿಮೆಯಿದೆ. ಹಗುರವಾದುದು ಮುರಿಯಲೂಬಹುದು ಎಂಬ ಎಚ್ಚರವನ್ನೂ ಅವರ ಬದುಕೇ ಬಿಟ್ಟುಹೋಗಿದೆ.