ವರ್ತಕ ಶರಣ ಗುಬ್ಬಿ ತೋಟದಪ್ಪನವರು

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗುವ ಮೊದಲು ಕರಣಿಕರಾಗಿದ್ದರೆಂಬುದು ಭಕ್ತರೆಲ್ಲರಿಗೂ ವಿದಿತವಾದ ಸಂಗತಿ. ಸೊಡ್ಡಳ ಬಾಚರಸರದೂ ಲೆಕ್ಕದ ಕಾಯಕವೇ. ಲೆಕ್ಕವು ಲೌಕಿಕ, ದಾಸೋಹವು ಪಾರಮಾರ್ಥಿಕವೆಂದು ಇವೆರಡನ್ನು ಬೇರ್ಪಡಿಸುವುದು ಶರಣಧರ್ಮಕ್ಕೆ ಸಮ್ಮತವಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದುದು ಲೆಕ್ಕವನ್ನು ಬಲ್ಲ ಭಕ್ತಿಯಿಂದಲೇ. ಈ ಪರಂಪರೆಯು ನಮಗೆ ಸಮೀಪದ ಕಾಲದಲ್ಲಿ ಬೆಂಗಳೂರಿನ ಪೇಟೆಬೀದಿಯಲ್ಲಿ ಮೈದಾಳಿದ ರೀತಿಯನ್ನು ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರ ಚರಿತ್ರೆಯಿಂದ ತಿಳಿಯಬಹುದು.

ತೋಟದಪ್ಪನವರು 1838ರಲ್ಲಿ ಗುಬ್ಬಿಯ ವೀರಶೈವ ವರ್ತಕ ಮನೆತನದಲ್ಲಿ ಜನಿಸಿದರು. ಗೋಸಲ ಚನ್ನಬಸವೇಶ್ವರರ ಕ್ಷೇತ್ರವಾದ ಗುಬ್ಬಿಯು ಆ ಕಾಲಕ್ಕೆ ಅಡಕೆ, ಕೊಬ್ಬರಿಗಳ ವ್ಯಾಪಾರಕ್ಕೂ ಹೆಸರಾದ ಊರು. ಎಳೆಯ ವಯಸ್ಸಿನಲ್ಲಿಯೇ ಅವರು ಬೆಂಗಳೂರಿಗೆ ಬಂದರು. ಕುಟುಂಬವು ಮಾಮೂಲುಪೇಟೆಯಲ್ಲಿ ನೆಲಸಿ ಅಲ್ಲಿಯೇ ವ್ಯಾಪಾರವನ್ನು ನಡೆಸಿತು. ದೊಡ್ಡಪೇಟೆಗೆ ಹೊಂದಿಕೊಂಡ ಈ ಬೀದಿಗೆ ಉತ್ತರದ ಹೆಬ್ಬಾಳ, ಯಲಹಂಕಗಳ ಕಡೆಯಿಂದ ಬರುವವರಿಗೆ ಹಳೆಯ ಕೋಟೆಯ ಯಲಹಂಕ ಬಾಗಿಲೇ ದಾರಿಯಾಗಿತ್ತು.

ಪೇಟೆಯ ವರ್ತಕರ ವಿದ್ಯೆಯು ಶಾಲೆಯಲ್ಲಿ ಕಲಿತದ್ದಲ್ಲ, ಗದ್ದುಗೆಯ ಪಕ್ಕದಲ್ಲಿ ಕುಳಿತು ಕಲಿತದ್ದು. ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು ಮಡಿಸಿದ ಕಡತದಲ್ಲಿ ಬಳಪದಿಂದ ಲೆಕ್ಕ ಬರೆಯುವುದು ಹಿಂದಿನ ಪದ್ಧತಿ. ಮುಂದೆ ಕಾಗದದ ಪುಸ್ತಕಗಳು ಬಂದವು. ಸಾಧನವು ಬದಲಾದರೂ ಕ್ರಮವು ಬದಲಾಗಲಿಲ್ಲ. ದಿನದ ವ್ಯವಹಾರವೆಲ್ಲವೂ ಆ ದಿನವೇ ಕಿರ್ದಿಗೆ ಏರಬೇಕು. ಕಿರ್ದಿಯಿಂದ ಖಾತೆಗೆ ಇಳಿಯಬೇಕು. ಸಾಲವಾಗಿ ಮಾಲು ಬಂದರೆ ಕೊಟ್ಟವನ ಹೆಸರಿಗೆ ಜಮೆ, ಮಾಲಿನ ಖಾತೆಗೆ ಖರ್ಚು. ಸಾಲವಾಗಿ ಮಾಲು ಹೋದರೆ ಕೊಂಡವನ ಹೆಸರಿಗೆ ಖರ್ಚು, ಮಾಲಿನ ಖಾತೆಗೆ ಜಮೆ. ಮಾಲು ಹಿಂತಿರುಗಿದರೆ ಅದೇ ಬರಹವು ತಿರುಗುಮುರುಗು. ಹೀಗೆ ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖಗಳುಂಟು. ಕೊಡುವವನಿಲ್ಲದೆ ಕೊಳ್ಳುವವನಿಲ್ಲವೆಂಬ ತತ್ತ್ವವನ್ನು ಖಾತೆಯ ಪುಟವೇ ಬೋಧಿಸುತ್ತದೆ.

ಪೆಟ್ಟಿಗೆಯಲ್ಲಿ ಹಣ ಕಂಡ ಮಾತ್ರಕ್ಕೆ ಲಾಭವಾಯಿತೆಂದು ತಿಳಿಯುವುದು ಅವಿವೇಕ. ಇದನ್ನು ಒಂದು ಉದಾಹರಣೆಯಿಂದ ವಿಶದಪಡಿಸಬಹುದು. ಒಂದು ಬೆಲ್ಲದ ಅಂಗಡಿಗೆ ಬಾಡಿಗೆ, ಆಳುಗಳ ಸಂಬಳ, ದೀಪದೆಣ್ಣೆಗಳೆಂದು ತಿಂಗಳಿಗೆ 60 ರೂಪಾಯಿ ತಗಲುವುದೆಂದು ಭಾವಿಸೋಣ. ಒಂದು ಮೂಟೆ ಮಾರಿದರೂ ನೂರು ಮೂಟೆ ಮಾರಿದರೂ ಈ ಖರ್ಚು ತಪ್ಪದು. ಕ್ರಯ, ಗಾಡಿಬಾಡಿಗೆ, ಕೂಲಿ, ತೂಕದಲ್ಲಿ ಕಳೆಯುವ ಭಾಗ ಎಲ್ಲವೂ ಸೇರಿ ಮೂಟೆಗೆ 5 ರೂಪಾಯಿ 8 ಆಣೆ ಬೀಳುವುದು. ಮಾರಾಟದ ಬೆಲೆ 6 ರೂಪಾಯಿ 4 ಆಣೆ. ರೂಪಾಯಿಗೆ 16 ಆಣೆಯಿದ್ದ ಆ ಕಾಲದ ಲೆಕ್ಕದಲ್ಲಿ ಮೂಟೆಗೆ ಉಳಿಯುವುದು 12 ಆಣೆ. 80 ಮೂಟೆ ಮಾರಿದಾಗ 60 ರೂಪಾಯಿ ಕೂಡಿ ಲಾಭವೂ ಇಲ್ಲ, ನಷ್ಟವೂ ಇಲ್ಲವೆಂಬ ಮಟ್ಟಕ್ಕೆ ಅಂಗಡಿ ಬಂದು ನಿಲ್ಲುವುದು. ಲಾಭವೆಂಬ ಮಾತು 81ನೆಯ ಮೂಟೆಯಿಂದ ಮೊದಲಾಗುವುದು. ಪೈಪೋಟಿಗೆ ಬಿದ್ದು ಬೆಲೆಯನ್ನು 4 ಆಣೆ ಇಳಿಸಿದರೆ ಉಳಿಯುವುದು 8 ಆಣೆ ಮಾತ್ರ. ಆಗ 120 ಮೂಟೆ ಮಾರಬೇಕು. ಈ ಮಟ್ಟವನ್ನರಿಯದ ವರ್ತಕನು ದಾನ ಮಾಡಿದರೆ ಅದು ತನ್ನದಲ್ಲದ ಹಣದ ದಾನವಾಗುತ್ತದೆ. ಮಾಲು ಕೊಟ್ಟವನ ಬಾಕಿಯಿಂದ ಪುಣ್ಯವನ್ನು ಕೊಂಡಂತಾಗುತ್ತದೆ. ಸತ್ಯಶುದ್ಧ ಕಾಯಕದಿಂದ ಬಂದುದೇ ದಾಸೋಹಕ್ಕೆ ಸಲ್ಲತಕ್ಕದ್ದೆಂಬ ಶರಣರ ನಿಯಮದ ಮರ್ಮವು ಇಲ್ಲಿದೆ.

ವರ್ತಕರ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಯಜಮಾನನು ಹೂಡಿದ ಬಂಡವಾಳವು ಅಂಗಡಿಯ ಪುಸ್ತಕದಲ್ಲಿ ಅಂಗಡಿಯ ಆಸ್ತಿಯೆಂದಲ್ಲ, ಯಜಮಾನನಿಗೆ ಅಂಗಡಿ ತೀರಿಸಬೇಕಾದ ಋಣವೆಂದು ನಿಲ್ಲುತ್ತದೆ. ಅಂಗಡಿಯು ಯಜಮಾನನಿಗೆ ಋಣಿ. ಯಜಮಾನನು ಯಾರಿಗೆ ಋಣಿ? ಪುಸ್ತಕವು ಈ ಪ್ರಶ್ನೆಯ ಬಳಿ ನಿಲ್ಲುತ್ತದೆ. ಶರಣರು ಮುಂದುವರಿದು, ಜಂಗಮಕ್ಕೆ, ಎಂದರೆ ಸಮಾಜಕ್ಕೆ, ಎಂದು ತಿಳಿಸಿದರು. ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಒಂದು ಆಯುಷ್ಯದ ದುಡಿಮೆಯು ಯಾರ ಪಾಲಾಗಬೇಕೆಂಬ ಪ್ರಶ್ನೆ ಅವರ ಮುಂದೆ ಇದ್ದಿತು. ಅವರು ಪ್ರಯಾಣಿಕರನ್ನೂ ವಿದ್ಯಾರ್ಥಿಗಳನ್ನೂ ತಮ್ಮ ಉತ್ತರಾಧಿಕಾರಿಗಳನ್ನಾಗಿ ಮಾಡಿಕೊಂಡರು.

ಆ ವೇಳೆಗೆ ರೈಲಿನಿಂದ ಬೆಂಗಳೂರಿನ ಸ್ವರೂಪವು ಬದಲಾಗುತ್ತಿದ್ದಿತು. ಯಶವಂತಪುರದ ಮಾರ್ಗವಾಗಿ ತುಮಕೂರಿಗೆ ಹೋಗುವ ದಾರಿ 1884ರಲ್ಲಿ ತೆರೆದಿತ್ತು. ಕೋರ್ಟು, ವ್ಯಾಪಾರ, ವಿದ್ಯಾಭ್ಯಾಸಗಳಿಗಾಗಿ ನಾಡಿನ ನಾನಾ ಕಡೆಗಳಿಂದ ಬಂದಿಳಿಯುವ ಬಡವರಿಗೆ ರಾತ್ರಿ ತಂಗುವುದಕ್ಕೆ ಆಸರೆ ಬೇಕಾಗಿತ್ತು. 1897ರಲ್ಲಿ ತೋಟದಪ್ಪನವರು ಧರ್ಮಸಂಸ್ಥೆಯನ್ನು ಸ್ಥಾಪಿಸಿ, ರೈಲು ನಿಲ್ದಾಣದ ಎದುರಿನಲ್ಲಿ ಸುಮಾರು ಎರಡೂವರೆ ಎಕರೆ ಭೂಮಿಯನ್ನು ರೈಲ್ವೆ ಇಲಾಖೆಯಿಂದ ಕ್ರಯಕ್ಕೆ ಕೊಂಡರು. ಅಲ್ಲಿ ಎದ್ದ ಧರ್ಮಛತ್ರವನ್ನು 1903ರ ಫೆಬ್ರವರಿ 11ರಂದು ನಾಲ್ವಡಿ ಕೃಷ್ಣರಾಜ ಒಡೆಯರವರು ಉದ್ಘಾಟಿಸಿದರು. ವಿದ್ಯಾರ್ಥಿಗಳಿಗಾಗಿ ಉಚಿತ ನಿಲಯವೂ ಏರ್ಪಟ್ಟಿತು.

ಕಟ್ಟಡವನ್ನು ಕಟ್ಟುವುದು ಕಷ್ಟವಲ್ಲ, ಅದನ್ನು ನಡೆಸುವುದು ಕಷ್ಟ. ಅಂಗಡಿಯಲ್ಲಿ ಗಿರಾಕಿ ಹೆಚ್ಚಿದಷ್ಟೂ ಆದಾಯ. ಛತ್ರದಲ್ಲಿ ಅತಿಥಿ ಹೆಚ್ಚಿದಷ್ಟೂ ವೆಚ್ಚ. ಒಂದು ಛತ್ರಕ್ಕೆ ಆಸ್ತಿಯಿಂದ ತಿಂಗಳಿಗೆ 100 ರೂಪಾಯಿ ಬಂದು, ದುರಸ್ತಿ, ಸಂಬಳಗಳಿಗೆ 40 ಹೋಗುವುದಾದರೆ, ತಲೆಗೆ 2 ಆಣೆಯಂತೆ ಉಳಿದ 60 ರೂಪಾಯಿ 480 ಮಂದಿಗೆ ಸಾಕು. ಮುಂದಿನ ಒಬ್ಬನಿಗೂ ಬಾಗಿಲು ತೆರೆದಿರಬೇಕಾದರೆ ಮೂಲಧನವೇ ಬೆಳೆಯಬೇಕು. ಮೂಲಧನವನ್ನು ಕರಗಿಸಿ ನಡೆಸಿದ ಧರ್ಮವು ಒಂದು ತಲೆಮಾರನ್ನೂ ದಾಟದು. ಆದುದರಿಂದಲೇ ತೋಟದಪ್ಪನವರು ತಮ್ಮ ಸರ್ವ ಆಸ್ತಿಯನ್ನೂ ಧರ್ಮಸಂಸ್ಥೆಗೆ ಒಪ್ಪಿಸಿದರು. ಅದರ ಆಡಳಿತದ ಹೊಣೆಯನ್ನು ಕೆ. ಪಿ. ಪುಟ್ಟಣ್ಣಶೆಟ್ಟರಿಗೆ ವಹಿಸಿದರು. ಮೈಸೂರು ಸಂಸ್ಥಾನದ ಕೌನ್ಸಿಲರಾಗಿ, ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿ ಕೀರ್ತಿಶಾಲಿಗಳಾದ ಆ ಮಹನೀಯರ ಹೆಸರನ್ನು ಇಂದಿನ ಪುರಭವನವು ಧರಿಸಿದೆ. ತಾನು ಕೊಟ್ಟ ಹಣದ ಲೆಕ್ಕವನ್ನು ತನ್ನ ನಂತರವೂ ಕೇಳುವವರಿರಬೇಕೆಂಬುದೇ ನಿಜವಾದ ವರ್ತಕನ ದಾನಲಕ್ಷಣ. ಕೊಟ್ಟದ್ದನ್ನು ಮರೆಯುವುದು ವಿನಯ. ಕೊಟ್ಟದ್ದರ ಲೆಕ್ಕವನ್ನು ಮರೆಯುವುದು ಅಲಕ್ಷ್ಯ.

ಮಹಾರಾಜರು ಧರ್ಮಪ್ರವರ್ತರೆಂದೂ ಬ್ರಿಟಿಷ್ ಸರ್ಕಾರವು ರಾವ್ ಬಹದ್ದೂರ್ ಎಂದೂ ಅವರನ್ನು ಗೌರವಿಸಿದವು. 1910ರಲ್ಲಿ ತೋಟದಪ್ಪನವರು ಲಿಂಗೈಕ್ಯರಾದರು. ಅವರು ತೆರೆದ ಖಾತೆ ಮಾತ್ರ ಮುಚ್ಚಲಿಲ್ಲ. 1927ರಲ್ಲಿ ಸೆಂಟ್ರಲ್ ಕಾಲೇಜಿಗೆ ಸೇರಿದ ಗ್ರಾಮಾಂತರದ ತರುಣನೊಬ್ಬನಿಗೆ ತೋಟದಪ್ಪನವರ ವಿದ್ಯಾರ್ಥಿನಿಲಯವು ಆಶ್ರಯವಿತ್ತಿತು. ಆ ತರುಣನೇ ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳಾಗಿ, 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಹಸ್ರಾರು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಆಶ್ರಯವನ್ನೂ ನೀಡಿದರು. ಒಂದು ಕೋಣೆಯ ಖರ್ಚಿಗೆ ಇಂತಹ ಜಮೆಯನ್ನು ಯಾವ ಕಿರ್ದಿಯಲ್ಲಿ ಬರೆಯಬಹುದು?

ಸಂಗೊಳ್ಳಿ ರಾಯಣ್ಣನ ಹೆಸರನ್ನು ಈಗ ಪಡೆದಿರುವ ಆ ನಿಲ್ದಾಣದ ಎದುರಿನಲ್ಲಿ ತೋಟದಪ್ಪನವರ ಛತ್ರವು ಇಂದಿಗೂ ಇದೆ. ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ವಿಭೂತಿಯನ್ನಿಟ್ಟು ಪೂಜಿಸುವ ಭಕ್ತರು ಆ ಪುಸ್ತಕದಲ್ಲಿ ಮೂರು ವಿಷಯಗಳನ್ನು ಮರೆಯದೆ ನೋಡತಕ್ಕದ್ದು: ತೀರಿಸಬೇಕಾದ ಬಾಕಿ ಎಷ್ಟು, ಖರ್ಚು ಕಳೆದು ನಿಜವಾಗಿ ಉಳಿದುದೆಷ್ಟು, ಉಳಿದುದರಲ್ಲಿ ಸಮಾಜದ ಹೆಸರಿಗೆ ಬರೆದುದೆಷ್ಟು. ಮೊದಲಿನ ಎರಡು ಮನೆಯನ್ನು ಉಳಿಸುತ್ತವೆ. ಮೂರನೆಯದು ಮನೆಯೊಡೆಯನು ಕಣ್ಮರೆಯಾದ ಬಳಿಕವೂ ಉಳಿಯುತ್ತದೆ.